ಬ್ಯಾಕಪ್ ಇತ್ತು, ಕನ್ನಡ ಇರಲಿಲ್ಲ

ನಮ್ಮ ತಾಣ 17 ದಿನ ಕಾಣೆಯಾಗಿತ್ತು. ಲಿಂಕ್ ಒತ್ತಿದರೆ ಏನೂ ಬರ್ತಿಲ್ಲ ಎಂದು ಚಿಂತಾಮಣಿಯಿಂದ, ಗೌರಿಬಿದನೂರಿನಿಂದ ಫೋನ್ ಮಾಡಿದವರಿಗೆಲ್ಲ "ಸರ್ವರ್ ತೊಂದರೆ" ಅಂದುಬಿಟ್ಟೆವು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಪ್ಪು ನಮ್ಮದೇ. ನಿಮ್ಮೂರಲ್ಲೂ ಶಾಲೆಯ ತಾಣವನ್ನೋ ಸಂಘದ ತಾಣವನ್ನೋ ನೋಡಿಕೊಳ್ಳುವ ಹುಡುಗ ಹುಡುಗಿಯರಿದ್ದಾರು. ಅವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇವೆ.

ನಮ್ಮಂಥವರು ತಾಣ ಇಡುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ವಠಾರ ಇದ್ದ ಹಾಗೆ: ಒಂದೇ ಕಂಪ್ಯೂಟರಿನಲ್ಲಿ ನೂರಾರು ತಾಣಗಳು, ಎಲ್ಲರಿಗೂ ಅದೇ ನಲ್ಲಿ, ಅದೇ ಮೀಟರು. ಬಾಡಿಗೆ ಕಡಿಮೆ. ನಮ್ಮ ಕೋಣೆಯಲ್ಲಿ ಎರಡು ಸಾಮಾನು. ಫೋಟೋಗಳು ಫೈಲುಗಳಾಗಿ ಒಂದು ಕಡೆ, ಬರೆದ ಮಾತೆಲ್ಲ ಡೇಟಾಬೇಸ್ ಎಂಬ ಖಾತೆ ಪುಸ್ತಕದಲ್ಲಿ ಇನ್ನೊಂದು ಕಡೆ. ಡೇಟಾಬೇಸ್ ಹೋದರೆ ಫೋಟೋ ಉಳಿಯುತ್ತದೆ, ಅದರಲ್ಲಿರುವವರು ಏನು ಹೇಳಿದರು ಅನ್ನುವುದು ಉಳಿಯುವುದಿಲ್ಲ.

ಬಾಡಿಗೆ ಕಟ್ಟುವ ಖಾತೆ ನಮ್ಮಲ್ಲೊಬ್ಬನ ಇಮೇಲಿನಲ್ಲಿತ್ತು. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಆ ಇಮೇಲ್ ನೋಡುವುದನ್ನೇ ಬಿಟ್ಟ. ಗಡುವಿನ ಪತ್ರಗಳು ಬಂದವು, ಯಾರೂ ಓದಲಿಲ್ಲ. ಮೊದಲು ಬಾಗಿಲು ಹಾಕಿದರು, ಆಮೇಲೆ ಕೋಣೆ ಖಾಲಿ ಮಾಡಿದರು. ನಮಗೆ ಗೊತ್ತಾಗುವ ಹೊತ್ತಿಗೆ ಅಲ್ಲಿ ಬೇರೆ ಬಾಡಿಗೆದಾರರು.

ಆದರೂ ನಾವು ಹೆದರಲಿಲ್ಲ. ವಾರಕ್ಕೊಮ್ಮೆ ತಾನೇ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಹಾಕಿದ್ದೆವಲ್ಲ! ಹೊಸ ಖಾತೆ ಕೊಂಡು, ಚಿಕ್ಕಬಳ್ಳಾಪುರದ ಸೈಬರ್ ಸೆಂಟರಿನಲ್ಲಿ ಕುಳಿತು, ಸಿ-ಪ್ಯಾನೆಲ್‌ನಲ್ಲಿ ಹೊಸ ಡೇಟಾಬೇಸ್ ಮಾಡಿದೆವು. ಪಿಎಚ್‌ಪಿ-ಮೈಅಡ್ಮಿನ್ ತೆರೆದು ಫೈಲ್ ಏರಿಸಿದರೆ, ಗಾತ್ರ ಮಿತಿ ಮೀರಿದೆ ಎಂದಿತು. ಜಿಪ್ ಮಾಡಿದ ಮೇಲೆ ಒಪ್ಪಿತು. ಆಮೇಲೆ ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎಂಬ ಸಂದೇಶ. ಇದಕ್ಕೇ ಅರ್ಧ ದಿನ ಹೋಯಿತು. ಇಂಥ ಹೋಸ್ಟಿಂಗ್‌ನಲ್ಲಿ ಡೇಟಾಬೇಸ್ ಹೆಸರಿನ ಮುಂದೆ ಖಾತೆಯ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ, ಮನೆತನದ ಹೆಸರಿನ ಹಾಗೆ. ಕಾನ್ಫಿಗ್ ಫೈಲಿನಲ್ಲಿ ನಾವು ಹಳೆಯ ಮನೆತನವನ್ನೇ ಬಿಟ್ಟಿದ್ದೆವು. ತಿದ್ದಿದ ಕೂಡಲೇ ತಾಣ ತೆರೆಯಿತು.

ತೆರೆದರೆ ಏನಿದೆ? ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಶಿಡ್ಲಘಟ್ಟ ಎಂದಿದ್ದ ಕಡೆ 9, ಚಿಂತಾಮಣಿ ಎಂದಿದ್ದ ಕಡೆ 8. ವಿದುರಾಶ್ವತ್ಥದ ಗೋಲಿಬಾರ್ ಬಗ್ಗೆ ಬರೆದಿದ್ದ ಲೇಖನದಲ್ಲಿ 25 ಮತ್ತು 1938 ಮಾತ್ರ ಉಳಿದಿದ್ದವು. ನಡುವೆ ಇದ್ದ ಏಪ್ರಿಲ್ ಕೂಡ ಹೋಗಿತ್ತು.

ಕಾರಣ ಆಮೇಲೆ ತಿಳಿಯಿತು. ಕಂಪ್ಯೂಟರ್ ಇಂಗ್ಲಿಷ್ ಅಕ್ಷರವೊಂದನ್ನು 1 ಬೈಟಿನಲ್ಲಿ ಇಡುತ್ತದೆ. ನಮ್ಮ ಕನ್ನಡಕ್ಕೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಒತ್ತು, ಗುಣಿತದ ಗುರುತುಗಳಿಗೂ ಬೇರೆ ಬೇರೆ. ನಮ್ಮ ಸ್ಕ್ರಿಪ್ಟ್ ಡೇಟಾಬೇಸಿನ ಜೊತೆ ಲ್ಯಾಟಿನ್-1 ಎಂಬ ಹಳೆಯ ಅಕ್ಷರಪಟ್ಟಿಯಲ್ಲಿ ಮಾತಾಡುತ್ತಿತ್ತು. ಆ ಪಟ್ಟಿಯಲ್ಲಿ ಕನ್ನಡವೇ ಇಲ್ಲ. ಗೊತ್ತಿಲ್ಲದ ಪ್ರತಿ ಗುರುತಿಗೂ ಒಂದು ಪ್ರಶ್ನೆ ಬರೆದುಕೊಂಡು ಬಂದಿತ್ತು, ಏಳು ತಿಂಗಳು. ಬೇಸರದ ಸಂಗತಿ ಏನೆಂದರೆ, ಈ ಸ್ಕ್ರಿಪ್ಟ್ ಹಾಕಿದ ಮೇಲೆ ಬ್ಯಾಕಪ್ ಫೈಲಿನ ಗಾತ್ರ ಅರ್ಧಕ್ಕಿಂತ ಕಡಿಮೆಯಾಗಿತ್ತು. ಜಾಗ ಉಳಿಯಿತು ಎಂದು ಖುಷಿಪಟ್ಟಿದ್ದೆವು. ಒಂದು ದಿನವೂ ಫೈಲ್ ಬಿಚ್ಚಿ ನೋಡಲಿಲ್ಲ.

ಕನ್ನಡ ಕೆಡುವುದರಲ್ಲಿ ಎರಡು ಬಗೆ. ರೇಷ್ಮೆ ಸೀಮೆಯವರಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಪುಟದ ತುಂಬ ತಲೆ ಮೇಲೆ ಗೀಟಿರುವ ಇಂಗ್ಲಿಷಿನ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ 3 ಕಂಡರೆ, ಅದು ಎಳೆಯ ತುದಿ ಕಳೆದುಹೋದ ಗೂಡು. ನೂಲು ಒಳಗೇ ಇದೆ. ಬೈಟುಗಳು ಸರಿಯಾಗಿವೆ, ಓದುವ ಪಟ್ಟಿ ಮಾತ್ರ ತಪ್ಪು. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಚಿಟ್ಟೆ ತೂತು ಕೊರೆದು ಹೋದ ಗೂಡು. ಅದರಿಂದ ನೂಲು ಬಿಚ್ಚಲಾಗದು.

ನಮ್ಮ ಪುಣ್ಯಕ್ಕೆ, ಸ್ಕ್ರಿಪ್ಟಿಗೂ ಮುಂಚೆ ಕೈಯಾರೆ ತೆಗೆದಿದ್ದ ಒಂದು ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಸಿಕ್ಕಿತು. ಅದೂ ಕೆಟ್ಟಿತ್ತು, ಆದರೆ ಮೊದಲನೇ ಬಗೆಯಲ್ಲಿ. ಅದರ ನಕಲು ಮಾಡಿಟ್ಟುಕೊಂಡು, ಕಾಲಂ ಅನ್ನು ಮೊದಲು ಬೈನರಿ ಎಂದು, ಆಮೇಲೆ ಯುಟಿಎಫ್8-ಎಂಬಿ4 ಎಂದು ಬದಲಿಸಿದೆವು. ಒಂದೇ ಹೆಜ್ಜೆಯಲ್ಲಿ ಬದಲಿಸಲು ಹೋದರೆ ಡೇಟಾಬೇಸ್ ಆ ಕೆಟ್ಟ ಗುರುತುಗಳನ್ನೇ ನಿಜವೆಂದು ನಂಬಿ ಅನುವಾದಿಸಿಬಿಡುತ್ತದೆ. ಪುಟ ತೆರೆದಾಗ "ನಂದಿಬೆಟ್ಟ" ಎಂಬ ಪದ ಕಂಡಿತು. ಸೈಬರ್ ಸೆಂಟರಿನವರು ನಮ್ಮ ಕೂಗಿಗೆ ತಿರುಗಿ ನೋಡಿದರು.

ದೊಡ್ಡವರಿಗೂ ಹೀಗಾಗುತ್ತದೆ. ಪ್ರಪಂಚದ ಪ್ರೋಗ್ರಾಮರುಗಳು ಕೆಲಸ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾ ಅಳಿಸಿದರು. ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಯಾವುದೂ ನೆಚ್ಚುವಂತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ನಕಲು ಇತ್ತು. ಅವರು ಅದನ್ನು ಮುಚ್ಚಿಡದೆ, ಸರಿಪಡಿಸುವ ಕೆಲಸವನ್ನು ಜನರ ಎದುರೇ ಮಾಡಿದರು. "ಸರ್ವರ್ ತೊಂದರೆ" ಎಂದು ನಿಮಗೆ ಹೇಳಿದ್ದಕ್ಕೆ ನಮಗೆ ನಾಚಿಕೆಯಾದದ್ದು ಇದನ್ನು ಓದಿದ ಮೇಲೆಯೇ.

ಉಳಿದ ಏಳು ತಿಂಗಳ ಬರಹಗಳಲ್ಲಿ ಕೆಲವು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಸಿಕ್ಕವು. ಹೆಚ್ಚಿನವು ಸಿಕ್ಕಿದ್ದು ನಿಮ್ಮ ವಾಟ್ಸಾಪಿನಲ್ಲಿ. ಲಿಂಕ್ ಕಳಿಸಿದವರಿಂದ ಉಪಯೋಗವಾಗಲಿಲ್ಲ. ಡೇಟಾ ಖರ್ಚಾಗುತ್ತದೆಂದು ಇಡೀ ಬರಹವನ್ನೇ ಕಾಪಿ ಮಾಡಿ ಗುಂಪಿಗೆ ಹಾಕಿದವರಿಂದ ಆಯಿತು. ಹಾಗೆ ಮಾಡಬೇಡಿ, ನಮ್ಮ ಹೆಸರು ಬಿಟ್ಟುಹೋಗುತ್ತದೆ ಎಂದು ಹಿಂದೆ ನಾವೇ ಸಿಡುಕಿದ್ದೆವು.

ಈಗ ತಿಂಗಳ ಮೊದಲ ಭಾನುವಾರ ಬ್ಯಾಕಪ್ಪನ್ನು ಒಂದು ಖಾಲಿ ಡೇಟಾಬೇಸಿಗೆ ತುಂಬಿ, ಹತ್ತು ಪುಟವನ್ನಾದರೂ ತೆರೆದು ಓದುತ್ತೇವೆ. ಒಂದು ನಕಲು ಹೋಸ್ಟಿಂಗ್‌ನ ಹೊರಗೆ, ಗೌರಿಬಿದನೂರಿನ ಗೆಳತಿಯ ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ. ಖಾತೆಯ ಇಮೇಲ್ ಎಲ್ಲರದ್ದು. ಗಡುವಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಾಡಿದ್ದೇವೆ.

ಒಂದು ಬರಹ ಮಾತ್ರ ಎಲ್ಲೂ ಸಿಕ್ಕಿಲ್ಲ. ಶಿಡ್ಲಘಟ್ಟದ ಅಜ್ಜಿಯೊಬ್ಬರು ಬಿಸಿನೀರಿನಲ್ಲಿ ಕೈಯಿಟ್ಟು ಚರಕದಲ್ಲಿ ನೂಲು ಬಿಚ್ಚಿದ ದಿನಗಳ ಬಗ್ಗೆ ಹೇಳಿದ್ದು. ರೆಕಾರ್ಡಿಂಗನ್ನು ಫೋನಿನಲ್ಲಿ ಜಾಗ ಸಾಲದೆ ಅಳಿಸಿದ್ದೆವು. ಅಜ್ಜಿ ಹೋದ ವರ್ಷ ತೀರಿಕೊಂಡರು. ಪುಟದಲ್ಲಿ ಅವರ ಫೋಟೋ ಇದೆ. ಕೆಳಗೆ ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ಎರಡು ಅಂಕಿ ಉಳಿದಿವೆ, 12 ಮತ್ತು 40. ಹನ್ನೆರಡು ಅವರು ಕೆಲಸಕ್ಕೆ ಸೇರಿದಾಗಿನ ವಯಸ್ಸು. ನಲವತ್ತು ಏನೆಂದು ನಮ್ಮಲ್ಲಿ ಯಾರಿಗೂ ನೆನಪಾಗುತ್ತಿಲ್ಲ. ಆ ಪುಟವನ್ನು ಹಾಗೇ ಬಿಟ್ಟಿದ್ದೇವೆ. ನಿಮ್ಮ ಹಳೆಯ ಗುಂಪುಗಳಲ್ಲಿ ಒಮ್ಮೆ ಹುಡುಕಿ ನೋಡಿ.