ಮೂರು, ನಾಲ್ಕು, ಐದು

ಹಿತ್ತಲಲ್ಲಿ ಒಂದು ಕೋಣೆ ಹಾಕಿಸುತ್ತಿದ್ದೆ. ಗಾರೆ ಮೇಸ್ತ್ರಿ ಒಂದು ದಾರದ ಮೇಲೆ ಮೂರಡಿಗೆ, ಇನ್ನೊಂದರ ಮೇಲೆ ನಾಲ್ಕಡಿಗೆ ಗುರುತು ಹಾಕಿ, ಅಡ್ಡಕ್ಕೆ ಟೇಪು ಹಿಡಿದು, “ಐದು ಬಂತು ಸ್ವಾಮಿ, ಮೂಲೆ ಸರಿಯಾಗೈತೆ” ಅಂದ. ಪೈಥಾಗೊರಸನ ಹೆಸರು ಅವನ ಕಿವಿಗೆ ಬಿದ್ದಂತಿರಲಿಲ್ಲ. ನನ್ನ ಕಿವಿಗೆ ಬಿದ್ದಿತ್ತು. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ಹೊಡೆದವನು ನಾನು. ಕೈಲಾಸಂ ‘ಟೊಳ್ಳುಗಟ್ಟಿ’ ಬರೆದದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಆಗ ನೆನಪಾಯಿತು: ಆ ದಾರ ನಾನೂ ಹಿಡಿದಿದ್ದೆ! ನಮ್ಮ ಡ್ರಿಲ್ ಮೇಷ್ಟ್ರು ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕಿಸುವಾಗ ಮೂಲೆಗಳನ್ನು ಹೀಗೇ ನೋಡುತ್ತಿದ್ದರು. ಅಲ್ಲಿಂದ ಹತ್ತು ಮಾರು ದೂರದ ಕಿಟಕಿಯೊಳಗೆ ಲೆಕ್ಕದ ಮೇಷ್ಟ್ರು ಅದೇ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಇಬ್ಬರೂ ದಿನಾ ಒಟ್ಟಿಗೆ ಟೀ ಕುಡಿಯುವವರು. ಕಿಟಕಿಯ ಆಚೆ ಈಚೆ ಒಂದೇ ಪಾಠ ನಡೆಯುತ್ತಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಪಾಠದಲ್ಲಿ ಹೊಸತನ ಅಂದರೆ ನನಗೆ ಬೇರೇನೂ ತೋಚುವುದಿಲ್ಲ; ಮಕ್ಕಳನ್ನು ಆ ಹತ್ತು ಮಾರು ನಡೆಸಿಕೊಂಡು ಹೋಗಿದ್ದರೆ ಸಾಕಿತ್ತು. ಖರ್ಚು ಒಂದು ಉಂಡೆ ದಾರ.

ನಾನೂ ಬಿ.ಎಡ್. ಮಾಡಿದವನೇ, ಹೆಚ್ಚು ಮಾತಾಡುವ ಹಾಗಿಲ್ಲ. ಪಾಠ ಅಭ್ಯಾಸಕ್ಕೆ ‘ಸ್ವಂತ’ ಬೋಧನೋಪಕರಣ ತರಬೇಕಿತ್ತು. ಹೃದಯದ ಚಾರ್ಟು ಹಿರಿಯರಿಂದ ಕಿರಿಯರಿಗೆ ಇಳಿದು ಬಂದ ಆಸ್ತಿ. ಮೂಲೆಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ನಮ್ಮ ಹೆಸರು ಬರೆಯುವುದು. ನನ್ನ ಕೈಗೆ ಬರುವ ಹೊತ್ತಿಗೆ ಆ ಮೂಲೆ ರಟ್ಟಿನಷ್ಟು ದಪ್ಪವಾಗಿತ್ತು.

ಹಾಗಂತ ಎಲ್ಲ ಮೇಷ್ಟ್ರುಗಳೂ ನಮ್ಮ ಜಾತಿಯವರಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಕಲಿಕೆಯ ಕ್ರಮ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ ನಲಿ–ಕಲಿ ಶುರುಮಾಡಿದರು. ಬೆಂಚಿನ ಸಾಲು ಹೋಗಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತರು. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಅವರದೇ ಚಿತ್ರಗಳು. ಒಂದನೇ ಕ್ಲಾಸಿನ ಮಗು ಕತ್ತೆತ್ತಿದರೆ ತನ್ನ ಕೈಬರಹವೇ ಗಾಳಿಗೆ ಆಡುತ್ತಿರಬೇಕು! ಆಮೇಲೆ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಬರೆದವರಿಗೆ ಕಾರ್ಡು ಮಗುವಿದ್ದ ಹಾಗೆ. ಆದೇಶದ ಜೊತೆ ಪೆಟ್ಟಿಗೆಯಲ್ಲಿ ಬಂದ ಕಾರ್ಡನ್ನು ಎಷ್ಟು ಮಂದಿ ಹಾಗೆ ಎತ್ತಿಕೊಂಡಾರು? ಹೊಸತನಕ್ಕೂ ಸುತ್ತೋಲೆ ಬಂದರೆ ಹೃದಯದ ಚಾರ್ಟಿನ ಗತಿಯೇ.

ಮೊನ್ನೆ ಮೊಮ್ಮಗಳ ಗಣಿತದ ನೋಟ್‌ಬುಕ್ಕಿನಲ್ಲಿ ‘ಚಟುವಟಿಕೆ’ ಅಂತ ತಲೆಬರಹ ಕಂಡಿತು. ಕೆಳಗೆ ಸ್ಕೇಲಿಟ್ಟು ಎಳೆದ ಮೂರು ಹಗ್ಗ: ಮೂರು, ನಾಲ್ಕು, ಐದು. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ನನಗೆ ಹಿಗ್ಗೋ ಹಿಗ್ಗು.

“ಹಗ್ಗ ನೀನೇ ಹಿಡಿದೆಯೇನೇ?”

“ಇಲ್ಲ ತಾತ, ಹೊರಗೆ ಬಿಸಿಲಿತ್ತು. ಗೈಡ್ ನೋಡಿ ಬರ್ಕೊಳ್ಳಿ ಅಂದ್ರು.”