ಶ್ರಮಬಿಂದು ಸಾಗರದ ದಡದಲ್ಲಿ

ಜಮಖಂಡಿಯಿಂದ ವಿಜಯಪುರದ ದಾರಿ ಹಿಡಿದು ಹೊರಟರೆ ಕೃಷ್ಣೆಯ ದಡದಲ್ಲಿ ಚಿಕ್ಕಪಡಸಲಗಿ ಎದುರಾಗುತ್ತದೆ. ಕಾಯಕವೆಂದರೇನೆಂದು ಮಕ್ಕಳಿಗೆ ಕಣ್ಣಾರೆ ತೋರಿಸಬಯಸುವ ತಾಯ್ತಂದೆಗಳು ಅವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು. ಶ್ರೀ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ಸೀಮೆಯ ರೈತರು ತಮ್ಮದೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಬೆವರಿನ ಹನಿಗಳಿಂದ ತುಂಬಿದ ಈ ಜಲಾಶಯಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಬಂದುದು ಯಥಾರ್ಥವಾಗಿದೆ. ನ್ಯಾಮಗೌಡರು 2018ರಲ್ಲಿ ಅಗಲಿದರು. ಅವರ ಕಾರ್ಯ ನೀರಾಗಿ ನಿಂತಿದೆ.

ದಡದ ಕಬ್ಬಿನ ಹಸಿರನ್ನು ಕಂಡು ನಾವು ಆನಂದಪಡುತ್ತಿದ್ದೆವು. ಜೊತೆಗಿದ್ದ ಹಿರಿಯ ರೈತರೊಬ್ಬರು ತಗ್ಗಿನ ಹೊಲವೊಂದಕ್ಕೆ ಕರೆದೊಯ್ದರು. ಕರಿಯ ಎರೆಮಣ್ಣಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ಪೊರೆ ಕಟ್ಟಿತ್ತು. “ನೀರು ಬಂತ್ರಿ ಶಾಸ್ತ್ರಿಗಳ, ಬಾಳೇವು ಬಂತು. ಆದ್ರ ಈ ಹೊಲ ಸವಳಾಗಿ ಕೈ ಬಿಟ್ಟು ಹೋತು” ಎಂದರು.

ಇದು ಯಾರ ಶಾಪವೂ ಅಲ್ಲ, ಲೆಕ್ಕದ ಮಾತು. ಕಬ್ಬಿಗೆ ವರ್ಷಕ್ಕೆ 1500ರಿಂದ 2500 ಮಿ.ಮೀ. ನೀರು ಬೇಕು. 2000 ಮಿ.ಮೀ. ಎಂದು ಹಿಡಿದರೆ ಒಂದು ಎಕರೆಗೆ ಸುಮಾರು 80 ಲಕ್ಷ ಲೀಟರ್ ಆಯಿತು. ಲೀಟರಿಗೆ ಅರ್ಧ ಗ್ರಾಮಿನಷ್ಟು ಲವಣವಿದ್ದರೂ ವರ್ಷಕ್ಕೆ 40 ಕ್ವಿಂಟಲ್ ಲವಣವನ್ನು ನಾವೇ ಹೊಲಕ್ಕೆ ಸುರಿದಂತೆ. ನೀರು ಆವಿಯಾಗುತ್ತದೆ, ಲವಣ ಆಗುವುದಿಲ್ಲ. ಎರೆಭೂಮಿಯಲ್ಲಿ ನೀರು ಬೇಗ ಬಸಿಯದು. ಅಂತರ್ಜಲ ಮೇಲೇರಿದಾಗ ನೆಲದೊಳಗಿನ ಲವಣವೂ ಮೇಲಕ್ಕೆ ಬಂದು ಬೇರನ್ನು ಸುಡುತ್ತದೆ.

ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಇದರ ಇನ್ನೊಂದು ರೂಪವನ್ನು ಬಲ್ಲವು. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಚೆಲ್ಲುತ್ತಾರೆ. ಹಿಮ ಕರಗಿದೊಡನೆ ಆ ಉಪ್ಪು ನಗರದ ಹಳ್ಳ, ಕೆರೆ, ಬಾವಿಗಳನ್ನು ಸೇರುತ್ತದೆ. ಸಿಹಿನೀರಿನ ಜೀವಿಗಳು ನಲುಗುತ್ತವೆ. ಅಪಘಾತ ತಪ್ಪಿಸಬೇಕೆಂಬ ಉದ್ದೇಶ ಒಳ್ಳೆಯದೇ. ನಮ್ಮ ನೀರಾವರಿಯ ಉದ್ದೇಶವೂ ಒಳ್ಳೆಯದೇ. ಆದರೆ ಒಳ್ಳೆಯ ಉದ್ದೇಶಕ್ಕೂ ಮಿತಿಯ ಅರಿವು ಬೇಕು.

ಕೆಟ್ಟ ನೆಲವನ್ನು ತಿದ್ದಬಹುದು. ಬಸಿಗಾಲುವೆ ತೆಗೆಯಬೇಕು, ಮಣ್ಣು ಪರೀಕ್ಷಿಸಿ, ಕ್ಷಾರವಿದ್ದಲ್ಲಿ ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸಬೇಕು. ಆದರೆ ಬಸಿದುಹೋದ ಲವಣ ಎಲ್ಲಿಗೆ ಹೋಗುತ್ತದೆ? ಹಳ್ಳದ ಮೂಲಕ ಅದೇ ಕೃಷ್ಣೆಗೆ. ಕೃಷ್ಣೆ ಮುಂದೆ ಆಲಮಟ್ಟಿಯನ್ನು ದಾಟಿ ಕೂಡಲಸಂಗಮಕ್ಕೆ ಸಾಗುತ್ತಾಳೆ. ನಮ್ಮ ಹೊಲದಿಂದ ತೊಳೆದ ಉಪ್ಪು ಕೆಳಗಿನವರ ಹೊಲಕ್ಕೂ ಕೊಡಕ್ಕೂ ಬರುತ್ತದೆ. ಬಸವಣ್ಣನವರ ಐಕ್ಯಸ್ಥಳದತ್ತಲೂ ಹರಿಯುತ್ತದೆ.

ಆದುದರಿಂದ ಬೇಡದ ನೀರನ್ನು ಹಾಯಿಸದಿರುವುದೇ ಮೊದಲ ಮದ್ದು. ಹನಿ ನೀರಾವರಿ, ಕಬ್ಬಿನ ನಡುವೆ ಬೆಳೆಯ ಬದಲಾವಣೆ, ಬದುವಿನಲ್ಲಿ ಕೊನೆಯಿಲ್ಲದೆ ಹರಿಯುವ ಪಂಪಿಗೆ ತಡೆ, ಇವಿಷ್ಟು ಮನೆಮನೆಯಲ್ಲಿ ನಿಶ್ಚಯವಾಗಬೇಕು. ಹಿರಿಯರು ನೀರನ್ನು ಕೂಡಿಸಲು ಬೆವರು ಸುರಿಸಿದರು. ಅದನ್ನು ಹಿತಮಿತವಾಗಿ ಬಳಸಿ ಮುಂದಿನವರಿಗೆ ಸಿಹಿಯಾಗಿ ಒಪ್ಪಿಸುವುದು ನಮ್ಮ ಪಾಲಿನ ದಾಸೋಹ. ಮರಳುವಾಗ ಆ ರೈತರು ತಮ್ಮ ತಗ್ಗಿನ ಹೊಲದಲ್ಲಿ ಬಸಿಗಾಲುವೆಗೆ ಗುರುತು ಹಾಕಿದ್ದನ್ನು ತೋರಿಸಿದರು. ಅದನ್ನು ಕಂಡು ನಮಗೆ ಸಮಾಧಾನವಾಯಿತು.