ಪುಸ್ತಕವಿಲ್ಲದ ಯಂತ್ರ

ಹಳೆಯ ಕಂಪ್ಯೂಟರ್ ಎಂದರೆ ನಮ್ಮಲ್ಲಿ ಗುಜರಿಯ ಮಾತು. ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರೆ ಮನೆಯ ಒಂದು ಮೂಲೆ ಖಾಲಿಯಾಯಿತು ಎಂಬ ಸಮಾಧಾನ. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಪರವಾನಗಿಯಿಲ್ಲದ ಶೆಡ್ಡುಗಳಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ, ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚೂರು ಚಿನ್ನ ತೆಗೆಯುತ್ತಾರೆ. ಆ ಹೊಗೆ ಸೇರುವುದು ದುಡಿಯುವ ಹುಡುಗರ ಎದೆಗೆ. ಇದನ್ನು ತಡೆಯಲು 2011ರಲ್ಲಿ ಕೇಂದ್ರ ಸರಕಾರ ಇ-ತ್ಯಾಜ್ಯ ನಿಯಮಗಳನ್ನು ತಂದಿತು. ಆದರೆ ನಿಯಮಕ್ಕಿಂತ ಹೊಟ್ಟೆಯ ಅವಸರ ದೊಡ್ಡದು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಇಂಥದೇ ಒಂದು ಗುಜರಿ ಅಂಗಡಿಯಲ್ಲಿ ನನಗೊಂದು ಸ್ಪಾರ್ಕ್‌ಸ್ಟೇಷನ್ 20 ಸಿಕ್ಕಿತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1994ರಲ್ಲಿ ಹೊರತಂದ ವರ್ಕ್‌ಸ್ಟೇಷನ್ ಇದು. ಚಪ್ಪಟೆ ಪೆಟ್ಟಿಗೆ. ಹೊಸದಾಗಿದ್ದಾಗ ನಮ್ಮಂಥವರು ಮುಟ್ಟಲೂ ಆಗದ ಬೆಲೆ. ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡಿತು. ಯಂತ್ರದ ಜೊತೆ ಪುಸ್ತಕವಿರಲಿಲ್ಲ, ಕೀಬೋರ್ಡ್ ಇರಲಿಲ್ಲ, ನಮ್ಮ ಮಾನಿಟರ್ ಅದಕ್ಕೆ ಹೊಂದುತ್ತಲೂ ಇರಲಿಲ್ಲ.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಭಾನುವಾರ ನಮ್ಮ ಮನೆಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ. "ಭಾಯ್, ಪುಸ್ತಕ ಇಲ್ಲದೆ ಇದು ಹೇಗೆ ಶುರುವಾಗುತ್ತೆ?" ಎಂದು ಕೇಳಿದ. "ಇದನ್ನೇ ಕೇಳೋಣ" ಎಂದೆ.

ಅದು ತಮಾಷೆಯ ಮಾತಲ್ಲ. ಕೀಬೋರ್ಡ್ ಇಲ್ಲದಿದ್ದರೆ ಈ ಯಂತ್ರ ತನ್ನ ಮಾತನ್ನು ಸೀರಿಯಲ್ ಪೋರ್ಟಿನ ಮೂಲಕ ಆಡುತ್ತದೆ. ಮಾಮೂಲಿ ಪಿಸಿಗೆ ಕೇಬಲ್ ಜೋಡಿಸಿ ವೇಗವನ್ನು 9600ಕ್ಕೆ ಇಟ್ಟರೆ ಸಾಕು. ಪರದೆಯ ಮೇಲೆ 'ಓಕೆ' ಎಂಬ ಪುಟ್ಟ ಪದ ಬಂದು ನಿಲ್ಲುತ್ತದೆ. ಅಲ್ಲಿ 'ಬ್ಯಾನರ್' ಎಂದರೆ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಹೇಳುತ್ತದೆ. 'ಪ್ರೋಬ್-ಸ್ಕಸಿ' ಎಂದರೆ ಯಾವ ಸಂಖ್ಯೆಯಲ್ಲಿ ಯಾವ ಡಿಸ್ಕ್ ಕುಳಿತಿದೆ ಎಂದು ಪಟ್ಟಿ ಕೊಡುತ್ತದೆ. ಮೊದಲ ಡಿಸ್ಕ್ 3ರಲ್ಲಿ, ಸಿ.ಡಿ. ಡ್ರೈವ್ 6ರಲ್ಲಿ ಇರಬೇಕೆಂಬುದು ಸನ್ ಯಂತ್ರಗಳ ಹಳೆಯ ಪದ್ಧತಿ.

ಯಂತ್ರ ಮೊದಲು ಹೇಳಿದ್ದು ತನ್ನ ಕಾಯಿಲೆಯನ್ನೇ. ಸಮಯವನ್ನೂ ತನ್ನ ಗುರುತನ್ನೂ ನೆನಪಿಡುವ ಒಂದು ಚಿಪ್ ಒಳಗಿದೆ. ಅದರ ಬ್ಯಾಟರಿ ಚಿಪ್ಪಿನ ಒಡಲಲ್ಲೇ ಇರುತ್ತದೆ. ವರ್ಷಗಳು ಕಳೆದು ಅದು ಸತ್ತರೆ ಯಂತ್ರ ತನ್ನ ನೆಟ್‌ವರ್ಕ್ ವಿಳಾಸವನ್ನೇ ಮರೆಯುತ್ತದೆ. ವಿಳಾಸದ ಮೊದಲ ಭಾಗ, 08:00:20, ಸನ್ ಕಂಪನಿಯದು. ಉಳಿದದ್ದು ಚಿಪ್ಪಿನ ಮೇಲಿನ ಚೀಟಿಯಲ್ಲೇ ಅಚ್ಚಾಗಿತ್ತು. ಅದನ್ನು ಮೊದಲು ಕಂಡದ್ದು ಹುಡುಗ. ನಾವು ಚಿಪ್ಪಿನ ಮೇಲ್ಭಾಗದ ಅಂಟನ್ನು ಕೆರೆದು, ಗುಂಡಿಯಂಥ ಸಣ್ಣ ಬ್ಯಾಟರಿಯೊಂದನ್ನು ಬೆಸೆದು, ಆ ಅಂಕಿಗಳನ್ನು ಕೈಯಿಂದಲೇ ತುಂಬಿದೆವು.

ಮೆಮೊರಿ ಹೆಚ್ಚಿಸಲು ಪಿಸಿಯ ಪಟ್ಟಿಗಳು ಕೂರುವುದಿಲ್ಲ. 200 ಪಿನ್ನಿನ ಬೇರೆಯೇ ಪಟ್ಟಿ ಬೇಕು. ಎಂಟು ಗೂಡುಗಳು, ತುಂಬಿದರೆ 512 ಎಂ.ಬಿ. ಹುಡುಗ ತನ್ನ ಅಂಗಡಿಯ ರಾಶಿಯಿಂದಲೇ ನಾಲ್ಕನ್ನು ಹುಡುಕಿ ತಂದ. 2005ರ ಸೋಲಾರಿಸ್ 10 ಇಂಥ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತ್ತು. ಉಚಿತವಾದ ನೆಟ್‌ಬಿಎಸ್‌ಡಿ ಕೈಬಿಡಲಿಲ್ಲ. ಅದನ್ನೇ ಹಾಕಿದೆವು.

ಈ ಯಂತ್ರದಿಂದ ಏನು ಉಪಯೋಗ ಎಂದು ಮನೆಯಲ್ಲಿ ಕೇಳಿದರು. ಇಂದಿನ ಅಗ್ಗದ ಮೊಬೈಲ್ ಅದಕ್ಕಿಂತ ವೇಗವಾಗಿದೆ, ನಿಜ. ಆದರೆ ನಿನ್ನೆಯವರೆಗೆ ಬೋರ್ಡನ್ನು ಬರೀ ತೂಕವೆಂದು ನೋಡುತ್ತಿದ್ದ ಹುಡುಗ ಈಗ ಒಡೆಯುವ ಮೊದಲು ತಿರುಗಿಸಿ ಓದುತ್ತಾನೆ. ಬಳಸಬಹುದಾದದ್ದನ್ನು ಬೇರೆ ಇಡುತ್ತಾನೆ. ನಡೆಯುವ ಯಂತ್ರಕ್ಕೆ ತೂಕಕ್ಕಿಂತ ಹೆಚ್ಚು ಬೆಲೆ ಬರುತ್ತದೆಂದು ಅವನ ಮಾಲೀಕರಿಗೂ ತಿಳಿದಿದೆ. ಯಾವ ಪಿನ್ ಎಲ್ಲಿಗೆ ಎಂದು ಅವನೊಂದು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದಾನೆ. ಸರ್ಟಿಫಿಕೇಟ್ ಇಲ್ಲದ ಈ ಕಲಿಕೆಯನ್ನು ಯಾವ ಶಾಲೆ ಲೆಕ್ಕಕ್ಕೆ ಹಿಡಿಯುತ್ತದೆ?

ಓದುಗರಲ್ಲಿ ಒಂದು ಮಾತು. ಹಳೆಯ ಕಂಪ್ಯೂಟರನ್ನು ಕೊಡುವಾಗ ಅದರ ಕೇಬಲ್, ಕೀಬೋರ್ಡ್, ಪುಸ್ತಕಗಳನ್ನೂ ಜೊತೆಗೇ ಕಟ್ಟಿಕೊಡಿ. ಅವು ಯಾರ ಕೈಗೆ ಸಿಗುತ್ತವೋ, ಬಲ್ಲವರು ಯಾರು!